ಎರಡನೆಯ ಲೋಟದ ಸಂಶೋಧನೆ

ವಿದ್ಯೆಗೂ ನಮ್ಮ ಬೀದಿಗೂ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ ಮಾತ್ರ. ಗೋಡೆಯ ಆ ಕಡೆ ವಿಶ್ವವಿದ್ಯಾಲಯ, ಈ ಕಡೆ ನಾವು. ಗೋಡೆಗೊಂದು ಹಿಂಬಾಗಿಲಿದೆ, ಅದರ ಎದುರಿಗೇ ನನ್ನ ಹೊಲಿಗೆ ಅಂಗಡಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಹಾಗೆ, ಎಂಥ ಪಂಡಿತರಾದರೂ ಪ್ಯಾಂಟಿನ ಹೊಲಿಗೆ ಬಿಟ್ಟ ದಿನ ನನ್ನ ಹತ್ತಿರ ಬರಲೇಬೇಕು. ಬಂದವರು ಸುಮ್ಮನೆ ಕೂರುವುದಿಲ್ಲ, ತಮ್ಮ ಸಂಶೋಧನೆ ಹೇಳುತ್ತಾರೆ. ಹೀಗಾಗಿ ಒಳಗೆ ಏನೇನು ನಡೆಯುತ್ತದೆಂದು ಕುಲಪತಿಗಳಿಗಿಂತ ನನಗೇ ಚೆನ್ನಾಗಿ ಗೊತ್ತು.

ಒಬ್ಬಾಕೆ ತನ್ನ ಮದುವೆಯನ್ನೂ ಮುಂದಕ್ಕೆ ಹಾಕಿ, ಇರುವೆ ನಡೆಯಲು ಶುರು ಮಾಡುವಾಗ ಯಾವ ಕಾಲನ್ನು ಮೊದಲು ಎತ್ತುತ್ತದೆಂದು ನೋಡುತ್ತಿದ್ದಾಳೆ. ಅವಳ ಮೇಲಿನ ಮಹಡಿಯಲ್ಲಿ ಒಬ್ಬರು, ನಮ್ಮ ಮುತ್ತಜ್ಜ ಹುಟ್ಟುವ ಮೊದಲೇ ಆರಿಹೋದ ನಕ್ಷತ್ರದ ಯೋಗಕ್ಷೇಮ ವಿಚಾರಿಸುತ್ತಿರುತ್ತಾರೆ. ಇತಿಹಾಸದವರೊಬ್ಬರು ಹಳೇ ಕಾಲದ ಅಂಗಿ ಗುಂಡಿಗಳ ಮೇಲೆ ದಿಂಬಿನಷ್ಟು ದಪ್ಪದ ಗ್ರಂಥ ಬರೆದಿದ್ದಾರೆ. ಅವರ ಅಂಗಿಯಲ್ಲಿ ನಾನು ನೋಡಿದಾಗಲೆಲ್ಲ ಒಂದು ಗುಂಡಿ ಕಡಿಮೆ. ಗಣಿತದವರನ್ನು ನೀವೇನು ಮಾಡ್ತಿದ್ದೀರಿ ಎಂದು ಕೇಳಿದರೆ, "ಅದು ಇನ್ನೂ ನಮಗೂ ಗೊತ್ತಾಗಿಲ್ಲ" ಎಂದು ಸಂತೋಷದಿಂದ ಹೇಳಿದರು. ಬೆಟ್ಟ ಅಗೆದು ಇಲಿ ಹಿಡಿಯುವವರು ಎಂದು ಬೀದಿಯವರು ಆಡಿಕೊಳ್ಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಇಲಿ ಎಲ್ಲಿದೆ ಎಂದು ಗೊತ್ತಿದ್ದರೆ ಅವರಾದರೂ ಯಾಕೆ ಬೆಟ್ಟ ಅಗೆಯುತ್ತಿದ್ದರು?

ಇಂಥ ಗೋಡೆಗೆ ತಾಗಿಕೊಂಡು, ನನ್ನ ಅಂಗಡಿಯ ಪಕ್ಕದ ಮನೆಯಲ್ಲಿ ಇರುವವರು ಪರವಾಗಿಲ್ಲಪ್ಪನವರು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ, ಅದು ಅವರಿಗೇ ನೆನಪಿದ್ದರೆ ಹೆಚ್ಚು. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಪರವಾಗಿಲ್ಲ. ನಾನು ಹೊಲಿದ ಅಂಗಿಯ ಒಂದು ತೋಳು ಗಿಡ್ಡವಾದರೆ ಪರವಾಗಿಲ್ಲ. ಮೇಲಧಿಕಾರಿ ಇವರ ಬಡ್ತಿಯನ್ನು ತನ್ನ ಅಳಿಯನಿಗೆ ಕೊಟ್ಟಾಗಲೂ ಪರವಾಗಿಲ್ಲ ಎಂದು ಅಳಿಯನ ಕೈಕುಲುಕಿ ಬಂದರು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತೇವೆ. ಬೇರೆ ಊರಿನಲ್ಲಿರುವ ಅಕ್ಕನ ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ನೋಡಿಕೊಳ್ಳಲು ಅಕ್ಕ ಹೋದರು. ಒಂದು ತಿಂಗಳು ಎಂದು ಹೋದವರು ಮಳೆಗಾಲ ಮುಗಿದು ಚಳಿ ಶುರುವಾದರೂ ಬಂದಿರಲಿಲ್ಲ. ದಿನಾ ಸಾಯಂಕಾಲ ಫೋನು ಬರುತ್ತಿತ್ತು. ಪರವಾಗಿಲ್ಲಪ್ಪನವರು ಜಗಲಿಯಲ್ಲಿ ನಿಂತು, ದೂರದ ಊರಿಗೆ ಕೇಳಿಸಬೇಕಲ್ಲ ಎಂದು ಕೂಗಿ ಮಾತಾಡುತ್ತಿದ್ದರು. ನಾನು ಕದ್ದು ಕೇಳಿದೆ ಎಂದು ಯಾರೂ ಹೇಳಬೇಡಿ, ಮಿಷನ್ನಿನ ಸದ್ದನ್ನೂ ಮೀರಿ ಅವರೇ ಕೇಳಿಸುತ್ತಿದ್ದರು.

"ಊಟ ಆಯ್ತು. ಹಾಂ, ಚೆನ್ನಾಗೇ ಆಯ್ತು. ನನಗೇನು ತೊಂದ್ರೆ? ಪರವಾಗಿಲ್ಲ, ನಿಧಾನಕ್ಕೆ ಬಾ. ತಂಗಿ ಕಾಲು ಮುಖ್ಯ. ಅವಸರ ಏನಿಲ್ಲ."

ಫೋನು ಇಟ್ಟ ಮೇಲೆ ಅದನ್ನೇ ನೋಡುತ್ತ ಬಹಳ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಒಳಗೆ ಹೋಗಿ ಚಹಾ ಮಾಡಿ, ಎರಡು ಲೋಟಕ್ಕೆ ಸುರಿದು ಹೊರಗೆ ತರುತ್ತಿದ್ದರು. ಒಂದನ್ನು ಕುಡಿಯುವರು. ಇನ್ನೊಂದು ಪಕ್ಕದ ಕುರ್ಚಿಯ ಮುಂದೆ ಆರುತ್ತಾ ಇರುವುದು. ಪೂರ್ತಿ ಆರಿದ ಮೇಲೆ ಗುಲಾಬಿ ಕುಂಡಕ್ಕೆ ಸುರಿಯುವರು. ಅಡುಗೆಯೂ ಇಬ್ಬರದೇ, ಉಳಿದರ್ಧ ಬೀದಿನಾಯಿಗೆ. ಆ ನಾಯಿ ಊದಿಕೊಂಡು ಗೇಟಿನ ಸಂದಿಯಲ್ಲಿ ತೂರಲಾರದೆ, ನನ್ನ ಅಂಗಡಿ ಮುಂದೆ ದಾರಿಗಡ್ಡ ಮಲಗಿ ಗಿರಾಕಿಗಳನ್ನು ಸುತ್ತು ಹಾಕಿಸುತ್ತಿತ್ತು.

ಒಂದು ದಿನ ಮಧ್ಯಾಹ್ನ ಆಹಾರ ವಿಜ್ಞಾನದ ಹುಡುಗಿಯೊಬ್ಬಳು ನನ್ನ ಅಂಗಡಿಗೆ ಬಂದಳು. ಹೊಲಿಸಲು ಅಲ್ಲ, ಅವಳಿಗೆ ವಯಸ್ಸಾದವರು ಬೇಕಾಗಿತ್ತು. ನನ್ನ ತಲೆಗೂದಲು ನೋಡಿ ಆಸೆಯಿಂದ ಹತ್ತಿರ ಬಂದಳು. ನನಗೆ ಸಿಟ್ಟು ಬಂದು ಪಕ್ಕದ ಜಗಲಿ ತೋರಿಸಿದೆ.

"ಸಾರ್, ಒಂದೆರಡು ಪ್ರಶ್ನೆ ಕೇಳ್ಬಹುದಾ? ನೀವು ದಿನಾ ಏನೇನು ತಿಂತೀರಿ?"

ಪರವಾಗಿಲ್ಲಪ್ಪನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ, ಪ್ರಶ್ನೆ ತಮಗೇ ಎಂದು ಖಾತ್ರಿಯಾಯಿತು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಜಗಲಿಯ ಕುರ್ಚಿಯನ್ನು ತಮ್ಮ ಪಂಚೆಯ ತುದಿಯಿಂದಲೇ ಒರೆಸಿ, "ಕೂತ್ಕೊಳ್ಳಮ್ಮ, ಕೂತ್ಕೊಂಡು ಕೇಳು" ಎಂದರು.

"ಬೆಳಿಗ್ಗೆ ಚಹಾ ಎಷ್ಟು ಸಾರ್?"

"ಎರಡು ಲೋಟ."

"ಎರಡೂ ನೀವೇ ಕುಡೀತೀರಾ?"

ಇಲ್ಲಿ ಆದದ್ದೇ ಅನಾಹುತ. ಇಲ್ಲಮ್ಮಾ, ಇನ್ನೊಂದು ಊರಲ್ಲಿಲ್ಲದ ಹೆಂಡತಿಯದು ಎಂದು ಮಗಳ ವಯಸ್ಸಿನ ಹುಡುಗಿಯ ಮುಂದೆ ಹೇಳುವುದು ಹೇಗೆ? ನಾಚಿಕೆಯಾಯಿತು.

"ಹೂಂ, ನಾನೇ," ಎಂದರು.

ಒಂದು ಸುಳ್ಳಿನ ಬಾಲ ಹಿಡಿದುಕೊಂಡು ಉಳಿದವು ಬಂದವು. ಅನ್ನ ಇಬ್ಬರದು, ಪಲ್ಯ ಇಬ್ಬರದು, ಎಲ್ಲವೂ "ನಾನೇ". ಹುಡುಗಿ ತೂಕ ನೋಡಿದಳು. ವಾರ ಬಿಟ್ಟು ಬಂದು ಮತ್ತೆ ನೋಡಿದಳು. ಮುಳ್ಳು ಇದ್ದಲ್ಲೇ ಇತ್ತು. ಇಬ್ಬರ ಊಟ ಉಂಡು ಒಬ್ಬರಷ್ಟೂ ದಪ್ಪವಾಗದ ಮನುಷ್ಯ! ಅವಳು ತೂಕದ ಯಂತ್ರ ಎತ್ತಿಕೊಂಡು ವಿಭಾಗದ ಕಡೆ ಓಡಿದಳು. ದಾರಿಗಡ್ಡ ಮಲಗಿದ್ದ ನಾಯಿಯನ್ನು ಹಾರಿಕೊಂಡೇ ಹೋದಳು, ಒಂದು ಸಲವೂ ತಲೆ ಬಗ್ಗಿಸಿ ನೋಡಲಿಲ್ಲ.

ಪರವಾಗಿಲ್ಲಪ್ಪನವರಿಗೆ ರುಚಿ ಹತ್ತಿತು. ವಿಶ್ವವಿದ್ಯಾಲಯದಲ್ಲಿ ಮನುಷ್ಯನನ್ನು ಕೂರಿಸಿಕೊಂಡು ಕಾಳಜಿಯಿಂದ ಪ್ರಶ್ನೆ ಕೇಳುವ ವಿಭಾಗಗಳು ಒಂದಲ್ಲ ಎರಡಲ್ಲ. ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ, ಸಾಯಂಕಾಲ ಏನು ಮಾಡುತ್ತೀರಿ? ಮನೆಯಲ್ಲಿ ಯಾರೂ ಕೇಳುವವರಿಲ್ಲದ್ದನ್ನೆಲ್ಲ ಅಲ್ಲಿ ಕೇಳುತ್ತಿದ್ದರು, ಕೇಳಿ ಬರೆದುಕೊಳ್ಳುತ್ತಲೂ ಇದ್ದರು. ಮಡಿಕೆ ಬೀಳದ ಅಂಗಿ ಹಾಕಿ, ಕಂಕುಳಲ್ಲಿ ಒಂದು ಖಾಲಿ ಫೈಲು ಇಟ್ಟುಕೊಂಡು, ದಿನಾ ಹಿಂಬಾಗಿಲಿನಿಂದ ಒಳಗೆ ಹೋಗತೊಡಗಿದರು.

ಫೈಲು ಕಂಡ ಮೇಲೆ ನಮ್ಮ ಬೀದಿ ಸುಮ್ಮನಿರುವುದುಂಟೇ? ಎದುರುಮನೆಯ ಟೀಚರಮ್ಮ ಅಡ್ಡ ಹಾಕಿದರು. ಕೆಲಸದಿಂದ ನಿವೃತ್ತರಾದರೂ ಹಾಜರಿ ಕರೆಯುವ ಅಭ್ಯಾಸ ಅವರನ್ನು ಬಿಟ್ಟಿಲ್ಲ.

"ಏನು ಸ್ವಾಮಿ, ದಿನಾ ಯೂನಿವರ್ಸಿಟಿ ಕಡೆ?"

ನನ್ನ ಊಟ ತಿಂಡಿ ವಿಚಾರಿಸುತ್ತಾರೆ ಎನ್ನಲು ಬಾಯಿ ಬರಲಿಲ್ಲ. "ಸ್ವಲ್ಪ ಸಂಶೋಧನೆ ಕೆಲಸ," ಎಂದರು.

"ಅಯ್ಯೋ! ಈ ವಯಸ್ಸಲ್ಲಿ ಡಾಕ್ಟರೇಟಾ?"

"ಹಾಗೇ ಅಂದ್ಕೊಳ್ಳಿ, ಪರವಾಗಿಲ್ಲ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೊರಟರು.

ಟೀಚರಮ್ಮ ಹಾಗೇ ಅಂದುಕೊಂಡರು. ಅಂದುಕೊಂಡದ್ದನ್ನು ಸಾಯಂಕಾಲದೊಳಗೆ ಬೀದಿಯ ಎರಡೂ ತುದಿಗೆ ಮುಟ್ಟಿಸಿದರು. ಮರುದಿನದಿಂದ ಪರವಾಗಿಲ್ಲಪ್ಪನವರು ಡಾಕ್ಟರು. ಯಾವ ವಿಷಯ ಎಂದು ಕೇಳಿದವರಿಗೆ ಅವರು ಅವತ್ತು ಕೂತು ಬಂದ ವಿಭಾಗದ ಹೆಸರು ಹೇಳುತ್ತಿದ್ದರು. ಸೋಮವಾರ ಅರ್ಥಶಾಸ್ತ್ರ, ಮಂಗಳವಾರ ಮನಶ್ಶಾಸ್ತ್ರ, ಬುಧವಾರ ಭೂಗೋಳ. ಇದು ಗೊಂದಲವೆಂದು ಯಾರಿಗೂ ಅನ್ನಿಸಲಿಲ್ಲ, ಪಾಂಡಿತ್ಯವೆಂದೇ ಅನ್ನಿಸಿತು. ಮೂಲೆಮನೆಯವರು ಗೋಡೆ ಬಿರುಕು ಬಿಟ್ಟದ್ದಕ್ಕೆ ಕರೆದುಕೊಂಡು ಹೋದರು. ಪರವಾಗಿಲ್ಲಪ್ಪನವರು ಬಿರುಕಿನ ಮೇಲೆ ಕೈಯಾಡಿಸಿ, ಗಂಭೀರವಾಗಿ, "ಗೋಡೆಗೆ ನಿದ್ದೆ ಸರಿಯಾಗಿ ಬರ್ತಿದೆಯಾ?" ಎಂದರು. ಅವತ್ತು ಮನಶ್ಶಾಸ್ತ್ರದ ದಿನ. ಮೂಲೆಮನೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡು, ಎಂಥ ಮೇಧಾವಿ ಎಂದು ತಲೆದೂಗಿದರು.

ವರ್ಷಕ್ಕೊಮ್ಮೆ ಎಲ್ಲ ವಿಭಾಗಗಳೂ ಒಂದೇ ಸಭಾಂಗಣದಲ್ಲಿ ಸೇರಿ ತಂತಮ್ಮ ಸಂಶೋಧನೆ ಮಂಡಿಸುವ ವಿಚಾರ ಸಂಕಿರಣ ಹತ್ತಿರ ಬಂತು. ನನಗೆ ಸುಗ್ಗಿ. ಹೊಟ್ಟೆ ಬಂದ ಕೋಟುಗಳನ್ನು ಬಿಡಿಸಬೇಕು, ಕುಗ್ಗಿದ ರವಿಕೆಗಳನ್ನು ಹಿಗ್ಗಿಸಬೇಕು. ಆಹಾರ ವಿಜ್ಞಾನದ ಹುಡುಗಿ ಸೀರೆಯ ಅಂಚು ಹೊಲಿಸಲು ಬಂದು, ಅತ್ತಿತ್ತ ನೋಡಿ, "ಅಣ್ಣಾ, ಯಾರಿಗೂ ಹೇಳ್ಬೇಡಿ. ನನಗೊಬ್ಬ ಪವಾಡಪುರುಷ ಸಿಕ್ಕಿದ್ದಾನೆ" ಎಂದಳು.

"ಯಾರಮ್ಮ?"

"ಹೆಸರು ಹೇಳೋ ಹಾಗಿಲ್ಲ. ಸಂಶೋಧನೆಗೆ ಬಂದವರ ಹೆಸರು ಗುಟ್ಟಾಗಿಡ್ಬೇಕು, ಅದು ನಮ್ಮ ನೇಮ."

ಅವಳು ಹೋದಳು, ಅರ್ಥಶಾಸ್ತ್ರದ ಮೇಡಂ ಬಂದರು. ಅವರು ಒಂದು ಆಟ ಆಡಿಸುತ್ತಾರಂತೆ: ಒಂದು ಬಟ್ಟಲು ಪೆಪ್ಪರಮೆಂಟು ಕೊಟ್ಟು, ಕಣ್ಣಿಗೆ ಕಾಣದ ಇನ್ನೊಬ್ಬರಿಗೆ ನಿಮಗಿಷ್ಟ ಬಂದಷ್ಟು ಕೊಡಿ ಎನ್ನುವುದು. ಎಲ್ಲರೂ ತಮಗೇ ಹೆಚ್ಚಿಟ್ಟುಕೊಳ್ಳುತ್ತಾರೆ. "ಒಬ್ಬರು ಮಾತ್ರ ಸರಿ ಅರ್ಧ ತೆಗೆದಿಟ್ಟು, ಕೆಂಪು ಬಣ್ಣದ್ದೆಲ್ಲ ಆ ಕಡೆಗೇ ಹಾಕಿದ್ರು. ಇಂಥ ನಿಸ್ವಾರ್ಥಿಯನ್ನ ಅರ್ಥಶಾಸ್ತ್ರ ಇದುವರೆಗೆ ನೋಡಿಲ್ಲ. ಹೆಸರು ಕೇಳ್ಬೇಡಿ." ಕೆಂಪು ಪೆಪ್ಪರಮೆಂಟು ಎಂದರೆ ಅಕ್ಕನಿಗೆ ಪ್ರಾಣ ಎಂದು ಬೀದಿಗೆಲ್ಲ ಗೊತ್ತು.

ಮನಶ್ಶಾಸ್ತ್ರದ ಮಾಸ್ತರು ಕೋಟಿನ ತೋಳು ಉದ್ದ ಮಾಡಿಸುತ್ತ, ಒಬ್ಬ ಹಿರಿಯರನ್ನು ಖಾಲಿ ಕೋಣೆಯಲ್ಲಿ ಕೂರಿಸಿದರೆ ಎರಡು ಮಾತಾಡಿ ಪಕ್ಕಕ್ಕೆ ತಿರುಗಿ ಉತ್ತರಕ್ಕೆ ಕಾಯುತ್ತಾರೆಂದೂ, ಇದೊಂದು ಹೊಸ ರೋಗವೆಂದೂ, ಅದಕ್ಕೆ ತಮ್ಮ ಹೆಸರನ್ನೇ ಇಡುವುದೆಂದೂ ಹೇಳಿದರು. ಭೂಗೋಳದ ಯುವಕ ಜನರ ಜೇಬಿಗೆ ಪುಟ್ಟ ಯಂತ್ರ ಹಾಕಿ ಓಡಾಟ ಅಳೆಯುವವನು. ಅವನಿಗೆ ಸಿಕ್ಕಿದವರು ದಿನಾ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಬಸ್ಸು ಖಾಲಿಯಾಗುವವರೆಗೆ ನಿಂತು, ಯಾವ ಬಸ್ಸೂ ಹತ್ತದೆ ಮನೆಗೆ ಬರುತ್ತಿದ್ದರಂತೆ. "ಪ್ರಯಾಣ ಮಾಡದ ಪ್ರಯಾಣಿಕ!" ಎಂದು ಅವನು ತನ್ನ ಕೊರಳಿಗೆ ನಾನು ಅಳತೆಪಟ್ಟಿ ಸುತ್ತಿರುವಾಗಲೇ ಕುಣಿದ.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಾಯಲ್ಲಿ ಸೂಜಿ ಕಚ್ಚಿಕೊಂಡವನಿಗೆ ಅದೇನೂ ಕಷ್ಟವಲ್ಲ. ಆದರೆ ಕೆಲಸ ಮುಂದೆ ಸಾಗಲಿಲ್ಲ. ನಾಲ್ಕು ಜನ ನಾಲ್ಕು ಕಡೆಯಿಂದ ಬಂದು ಒಂದೇ ನೋವನ್ನು ಮುಟ್ಟಿ ಮುಟ್ಟಿ ಹೋಗಿದ್ದರು, ಒಬ್ಬರಿಗೂ ಅದು ನೋವು ಎಂದು ಗೊತ್ತಾಗಿರಲಿಲ್ಲ.

ಇಷ್ಟರಲ್ಲಿ ಟೀಚರಮ್ಮ ಅಕ್ಕನಿಗೆ ಫೋನು ಮಾಡಿಬಿಟ್ಟಿದ್ದರು. ನಿಮ್ಮ ಯಜಮಾನರು ಡಾಕ್ಟರಾಗ್ತಿದ್ದಾರೆ, ದೊಡ್ಡ ಸಭೆಯಲ್ಲಿ ಮಾತಾಡ್ತಾರೆ, ನೀವಿಲ್ಲದಿದ್ರೆ ಹೇಗೆ ಎಂದು. ಸಭೆಯ ಹಿಂದಿನ ದಿನ ಪರವಾಗಿಲ್ಲಪ್ಪನವರು ಗುಂಡಿ ಹಾಕಿಸಲು ಅಂಗಿ ತಂದರು. ಮುಖ ಬಿಳಿಚಿತ್ತು.

"ಅವಳು ಬರ್ತಾಳಂತೆ ಕಣಯ್ಯ."

"ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು? ನಾನು ಅಲ್ಲಿ ಭಾಷಣ ಮಾಡ್ತೀನಿ ಅಂದ್ಕೊಂಡಿದ್ದಾಳೆ. ಪ್ರಶ್ನೆಗೆ ಉತ್ತರ ಕೊಟ್ಟವರಿಗೆಲ್ಲ ಬನ್ನಿ ಅಂತ ಚೀಟಿ ಕೊಟ್ಟಿದ್ದಾರೆ, ಅಷ್ಟೇ. ನನ್ನ ಮಾನ ಹೋಗತ್ತೆ."

"ಹಾಗಾದ್ರೆ ಬರಬೇಡ ಅಂತ ಹೇಳಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಹೇಗಯ್ಯಾ ಹೇಳ್ಲಿ? ಬರ್ತೀನಿ ಅಂತ ಅವಳು ಹೇಳಿರೋದೇ ಇವತ್ತು." ಆಮೇಲೆ ದನಿ ತಗ್ಗಿಸಿ, "ಸಾಯಂಕಾಲದ ಬಸ್ಸಿಗೆ ವಾಪಸ್ ಹೋಗ್ತಾಳೇನೋ. ಮಧ್ಯಾಹ್ನ ಪೂರ್ತಿ ಇರ್ತಾಳೆ. ಪರವಾಗಿಲ್ಲ" ಎಂದರು. ಗುಂಡಿ ಹಾಕಿ ಮುಗಿಸಿದ ಮೇಲೂ ಅಂಗಿ ತೆಗೆದುಕೊಳ್ಳದೆ ನಿಂತಿದ್ದರು. ಹಾಗಾದರೆ ಉಳಿಸಿಕೊಳ್ಳಿ, ಬಾಯಿಬಿಟ್ಟು ಹೇಳಿ ಎಂದೆ. "ತಂಗಿ ಕಾಲು..." ಎಂದು ರಾಗ ಎಳೆದು, ಅಂಗಿ ಮರೆತು ಹೊರಟರು.

ಸಭೆಯ ದಿನ ನಮ್ಮ ಬೀದಿ ಬೀಗ ಹಾಕಿಕೊಂಡು ಹೊರಟಿತು. ಮುಂದಿನ ಸಾಲು ವಿದ್ವಾಂಸರಿಗೆ, ಮಧ್ಯದ ಸಾಲು ನಮಗೆ. ಅಕ್ಕ ಬಸ್ಸು ತಡವಾಗಿ, ಕಾರ್ಯಕ್ರಮ ಶುರುವಾದ ಮೇಲೆ ಬಂದು ಹಿಂದೆ ಕೂತರು. ಪರವಾಗಿಲ್ಲಪ್ಪನವರು ತಿರುಗಿ ನೋಡಿದರು. ಅಕ್ಕ ಸ್ವಲ್ಪ ಇಳಿದುಹೋಗಿದ್ದರು. ಗಂಡಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಹೊಸದಾಗಿ ಪರಿಚಯವಾದವರ ಹಾಗೆ ತಲೆ ಅಲ್ಲಾಡಿಸಿದರು.

ಮೊದಲು ಇರುವೆಯ ಕಾಲು ಬಂತು. ಎಡಗಾಲು ಎಂದು ತೀರ್ಮಾನವಾಗುವಷ್ಟರಲ್ಲಿ ಸಮಯ ಮುಗಿಯಿತು. ನಕ್ಷತ್ರ ಬಂತು, ಅಂಗಿ ಗುಂಡಿ ಬಂತು. ಪ್ರತಿಯೊಬ್ಬರು ಎದ್ದಾಗಲೂ ಟೀಚರಮ್ಮ, "ಇದಾದ್ಮೇಲೆ ನಮ್ಮವರೇ" ಎಂದು ಪಕ್ಕದವರ ಪಕ್ಕೆ ತಿವಿಯುತ್ತಿದ್ದರು.

ಆಹಾರ ವಿಜ್ಞಾನದ ಹುಡುಗಿ ಎದ್ದಳು. "ಇವರನ್ನು 'ಹಿರಿಯ ಮಿತ್ರ' ಎಂದು ಕರೆಯೋಣ. ಇವರು ಬೆಳಿಗ್ಗೆ ಎರಡು ಲೋಟ, ಸಾಯಂಕಾಲ ಎರಡು ಲೋಟ ಚಹಾ..." ಎಂದು ಶುರು ಮಾಡಿ, ಇಬ್ಬರ ಊಟದ ಪವಾಡಕ್ಕೆ ಬಂದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಹಿಂದೆ ತಿರುಗಿದೆ. ಅಕ್ಕನ ಹುಬ್ಬು ಮೇಲೇರಿತ್ತು. ಅರ್ಥಶಾಸ್ತ್ರದ ಮೇಡಂ ಕೆಂಪು ಪೆಪ್ಪರಮೆಂಟಿನ ಕಥೆ ಹೇಳಿದರು. ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡರು. ಮಾಸ್ತರು ಪಕ್ಕಕ್ಕೆ ತಿರುಗಿ ಕಾಯುವ ರೋಗಿಯನ್ನು ನಟಿಸಿಯೇ ತೋರಿಸಿದರು, ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಭೂಗೋಳದ ಯುವಕ ಪರದೆಯ ಮೇಲೆ ನಕ್ಷೆ ಮೂಡಿಸಿದ. ಅದರಲ್ಲಿ ನಮ್ಮ ಬೀದಿಯಿಂದ ಹೊರಟ ಒಂದೇ ಗೆರೆ ಬಸ್ ನಿಲ್ದಾಣಕ್ಕೆ ಹೋಗಿ ಬಂದು, ಹೋಗಿ ಬಂದು, ಅದರ ಮೇಲೇ ಮತ್ತೆ ಬಿದ್ದು ದಪ್ಪಗಾಗಿತ್ತು. ಈಗ ನಗುವವರಲ್ಲಿ ಒಬ್ಬರು ಕಡಿಮೆಯಾದರು. ಟೀಚರಮ್ಮ ನಕ್ಷೆ ನೋಡಿದರು, ಪರವಾಗಿಲ್ಲಪ್ಪನವರ ಬೆವರುವ ಕತ್ತು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಪ್ರಶ್ನೆಗಳಿದ್ದರೆ ಕೇಳಬಹುದು," ಎಂದು ಅಧ್ಯಕ್ಷರು ಹೇಳಿದರು. "ಚುಟುಕಾಗಿರಲಿ."

ಯಾವ ವಿದ್ವಾಂಸರೂ ಏಳಲಿಲ್ಲ. ಎದ್ದವರು ಪರವಾಗಿಲ್ಲಪ್ಪನವರು. ಇಷ್ಟು ದಿನ ಉತ್ತರವನ್ನೇ ಕೊಟ್ಟುಕೊಂಡು ಬಂದ ಕೈಗೆ ಯಾರೋ ಮೈಕು ಕೊಟ್ಟರು. ಅವರು ವೇದಿಕೆಗೆ ಬೆನ್ನು ಹಾಕಿ ನಿಂತರು.

"ನೀನು ಮನೆಗೆ ಯಾವಾಗ ಬರ್ತೀಯ?"

ಸಭಾಂಗಣ ಪೂರ್ತಿ ಮೈಕಿನಲ್ಲಿ ಕೇಳಿಸಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಪ್ರಶ್ನೆಯನ್ನು ಪ್ರಬಂಧ ಮಂಡಿಸಿದವರಿಗೆ ಕೇಳಿ" ಎಂದರು.

"ಅವರನ್ನ ಕೇಳಿ ಏನು ಮಾಡ್ಲಿ ಸಾರ್? ಅವರು ಬಂದ್ರೆ ನನಗೇನು ಪ್ರಯೋಜನ?" ಅವರು ತಿರುಗಲಿಲ್ಲ. "ಎಲ್ಲರೂ ಕ್ಷಮಿಸಿ. ನಾನು ಡಾಕ್ಟರೂ ಅಲ್ಲ, ಪವಾಡಪುರುಷನೂ ಅಲ್ಲ. ಇನ್ನೊಂದು ಲೋಟ ಇವಳ್ದು. ಕೆಂಪು ಪೆಪ್ಪರಮೆಂಟೂ ಇವಳ್ದೇ. ಬಸ್ಸಲ್ಲಿ ಇವಳು ಇಳೀತಾಳೇನೋ ಅಂತ ನೋಡೋಕೆ ಹೋಗ್ತಿದ್ದೆ. ಅಷ್ಟು ಬಿಟ್ರೆ ನನ್ನಲ್ಲಿ ಸಂಶೋಧನೆ ಮಾಡೋಂಥದ್ದು ಏನೂ ಇಲ್ಲ."

ವೇದಿಕೆಯ ಮೇಲೆ ನಾಲ್ಕು ಹೊಸ ಸಿದ್ಧಾಂತಗಳು ಒಟ್ಟಿಗೇ ಕುಸಿದು ಕೂತವು. ಮಾಸ್ತರು ತಮ್ಮ ಹೆಸರಿಟ್ಟಿದ್ದ ರೋಗವನ್ನು ಹಲಗೆಯಿಂದ ಸದ್ದಿಲ್ಲದೆ ಒರೆಸಿದರು. ಆಹಾರ ವಿಜ್ಞಾನದ ಹುಡುಗಿ ಅಳುತ್ತಿದ್ದಳು, ಪ್ರಬಂಧ ಹೋಯಿತೆಂದೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ.

ಮೈಕು ಕೈಯಿಂದ ಕೈಗೆ ಹಿಂದಕ್ಕೆ ಹೋಗಿ ಅಕ್ಕನನ್ನು ಮುಟ್ಟಿತು. ಅಕ್ಕ ಅದನ್ನು ಹಿಡಿದುಕೊಳ್ಳಲಿಲ್ಲ, ಹಾಗೇ ಮಾತಾಡಿದರು.

"ರೀ, ತಂಗಿ ಕಾಲು ಯಾವಾಗ್ಲೋ ಸರಿಹೋಗಿದೆ. ಅವಳು ಈಗ ಓಡಾಡಿಕೊಂಡು ನನಗೇ ಅಡುಗೆ ಮಾಡಿ ಹಾಕ್ತಿದ್ದಾಳೆ."

"ಮತ್ತೆ?"

"ಮತ್ತೇನು? ಬಾ ಅಂತ ನೀವು ಒಂದು ಸಲನಾದ್ರೂ ಅಂದ್ರಾ? ದಿನಾ ಫೋನು ಮಾಡ್ದಾಗ್ಲೂ ಇವತ್ತು ಅಂತಾರೆ, ಇವತ್ತು ಅಂತಾರೆ ಅಂತ ಕಾಯ್ತಿದ್ದೆ. ಅವಸರ ಇಲ್ಲ, ನಿಧಾನಕ್ಕೆ ಬಾ ಅಂತೀರಿ. ನಾನಿಲ್ಲದೆ ಇವರಿಗೆ ಹಾಯಾಗಿದೆ, ಓದೋಕೂ ಶುರು ಮಾಡಿದ್ದಾರೆ ಅಂದ್ಕೊಂಡೆ. ಕರೀದೆ ಹೇಗೆ ಬರ್ಲಿ? ಇದೇ ನನ್ನ ಮನೆ ಅಂತ ಅನ್ನಿಸ್ಬೇಕಲ್ಲ."

ಪರವಾಗಿಲ್ಲಪ್ಪನವರ ಬಾಯಿ ತೆರೆದೇ ಇತ್ತು. ಜೀವನವೆಲ್ಲ ಅಭ್ಯಾಸವಾಗಿದ್ದ ಮಾತು ಹೊರಗೆ ಬರಲು ಹವಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅದನ್ನು ನುಂಗಿಕೊಂಡರು.

"ನನ್ನ ಕೈಲಿ ಆಗ್ತಿಲ್ಲ ಕಣೆ. ಬಾ," ಎಂದರು.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದರು. "ಹೊರಗೆ ವಾಚ್‌ಮನ್ ಹತ್ರ ನನ್ನ ಟ್ರಂಕು ಇಟ್ಟು ಬಂದಿದ್ದೀನಿ. ಕರೆದ್ರೆ ಮನೆಗೆ, ಇಲ್ದಿದ್ರೆ ಸಾಯಂಕಾಲದ ಬಸ್ಸಿಗೆ ಅಂತ."

ಅಧ್ಯಕ್ಷರು ಮುಂದಿನ ಪ್ರಬಂಧ ಸಾಬೂನಿನ ನೊರೆಯ ಮೇಲೆ ಎಂದು ಸಾರಿದರು. ಕೇಳಲು ವಿದ್ವಾಂಸರು ಉಳಿದರು, ಬೀದಿಯವರು ಯಾರೂ ಉಳಿಯಲಿಲ್ಲ. ನಾವು ಹೊರಗೆ ಬಂದಾಗ ಪರವಾಗಿಲ್ಲಪ್ಪನವರು ಟ್ರಂಕನ್ನು ಒಬ್ಬರೇ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು ನಿಂತಿದ್ದರು.

"ಇಷ್ಟು ಭಾರ! ಏನೇನು ತುಂಬಿದ್ದೀಯೆ ಇದರಲ್ಲಿ?"

"ಎಲ್ಲಾ," ಎಂದು ಅಕ್ಕ ಇನ್ನೊಂದು ಹಿಡಿಗೆ ಕೈ ಹಾಕಿದರು. "ತಂಗಿ ಮನೇಲಿ ಏನೂ ಬಿಟ್ಟು ಬಂದಿಲ್ಲ."